ತಲೆಯೊಳಗಿನ ಮಾತು ನಿಲ್ಲುವುದೇ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಬಟವಾಡಿ ಬೆಳಗು, ತುಮಕೂರು
ಭಾನುವಾರ, ರಾತ್ರಿ 1:40

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಬಟವಾಡಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಕೆಲಸ ಬೆಂಗಳೂರಿನಲ್ಲಿ, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುತ್ತೇನೆ.

ಹೊರಗಿನಿಂದ ನೋಡಿದವರಿಗೆ ನನಗೆ ಯಾವ ತೊಂದರೆಯೂ ಕಾಣುವುದಿಲ್ಲ. ಸಂಬಳ ಬರುತ್ತದೆ. ಮನೆಯಲ್ಲಿ ಜಗಳ ಇಲ್ಲ. ಆದರೆ ದೀಪ ಆರಿಸಿ ಮಲಗಿದ ಕೂಡಲೇ ತಲೆಯೊಳಗೆ ಹುಳ ಬಿಟ್ಟ ಹಾಗೆ ಶುರುವಾಗುತ್ತದೆ.

ಈ ತಿಂಗಳದ್ದನ್ನೇ ಹೇಳುತ್ತೇನೆ. 20ನೇ ತಾರೀಖು ಜಿಎಸ್‌ಟಿ 3ಬಿ ರಿಟರ್ನ್, ಅಂದರೆ ಕಂಪನಿಯ ತಿಂಗಳ ತೆರಿಗೆ ಲೆಕ್ಕ, ಹಾಕಿದೆ. ಎರಡು ಸಲ ತಾಳೆ ನೋಡಿಯೇ ಹಾಕಿದ್ದು. ರಾತ್ರಿ ಮಲಗಿದಾಗ "ಇನ್‌ಪುಟ್ ಕ್ರೆಡಿಟ್ ಅಂಕಿ ಸರಿಯಾಗಿ ಹಾಕಿದೆನಾ?" ಅನ್ನಿಸಿತು. ಎದ್ದು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಸರಿ ಇತ್ತು. ಮಲಗಿದೆ. ಅರ್ಧ ಗಂಟೆಗೆ ಮತ್ತೆ ಎದ್ದು ನೋಡಿದೆ. ಆಗಲೂ ಸರಿ ಇತ್ತು. ಅಷ್ಟರಲ್ಲಿ ನನ್ನ ತಲೆಯಲ್ಲಿ ನೋಟಿಸ್ ಬಂದಾಗಿತ್ತು, ಕೆಲಸ ಹೋಗಿತ್ತು, ಮನೆ ಸಾಲದ ಕಂತು ನಿಂತಿತ್ತು, ಅಪ್ಪನಿಗೆ ಬಿಪಿ ಏರಿ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಅಂಕಿಯಿಂದ ಆಸ್ಪತ್ರೆಯ ಬಾಗಿಲಿನವರೆಗೆ ಹೋಗಲು ನನಗೆ ಹತ್ತು ನಿಮಿಷ ಸಾಕು.

ಇನ್ನೊಂದು ಇದೆ. ಎರಡು ತಿಂಗಳ ಹಿಂದೆ ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋದರು. "ತಿಳಿಸ್ತೀವಿ" ಅಂದವರು ತಿಳಿಸಲಿಲ್ಲ. ಆ ಸಂಬಂಧ ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ, ನಿಜವಾಗಿ. ಆದರೆ ಆ ಅರ್ಧ ಗಂಟೆ ನಾನು ಆಡಿದ ಒಂದೊಂದು ಮಾತೂ ಇವತ್ತಿಗೂ ವಾಪಸ್ ಬರುತ್ತದೆ. ಯಾಕೆ ಹಾಗೆ ಅಂದೆ? ಅವರ ತಾಯಿ ಯಾಕೆ ಹಾಗೆ ನೋಡಿದರು?

ಅಮ್ಮ "ಸುಮ್ನೆ ತಲೆ ಕೆಡಿಸ್ಕೋಬೇಡ, ಮಲ್ಕೋ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ತಲೆ ಕೆಡಿಸಿಕೊಳ್ಳದೆ ಇರುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಇದರ ಜೊತೆ ಬದುಕಿದವರು, ಸ್ವಲ್ಪವಾದರೂ ಸುಮ್ಮನಾಗಿಸಿಕೊಂಡವರು ಇದ್ದರೆ ದಯವಿಟ್ಟು ಬರೆಯಿರಿ.

ಅಮಾನಿಕೆರೆ ಸುತ್ತು, ತುಮಕೂರು
ಸೋಮವಾರ, ಬೆಳಿಗ್ಗೆ 6:55

ಈಗಷ್ಟೇ ಕೆರೆ ಸುತ್ತು ಹಾಕಿ ಬಂದು ನಿಮ್ಮ ಬರಹ ಓದಿದೆ ತಂಗಿ. ನನಗೆ 56. ನನ್ನ ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಇದೇ ಪಾಡು. "ಇನ್ನೊಂದು ವಾರ ಮೊದಲೇ ಡಾಕ್ಟರಿಗೆ ತೋರಿಸಿದ್ದರೆ" ಅನ್ನುವ ಒಂದೇ ಮಾತು, ದಿನಕ್ಕೆ ನೂರು ಸಲ.

ನನಗೆ ನಡಿಗೆ ಸಹಾಯ ಮಾಡಿತು. ಮೊಬೈಲ್ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ. ಯೋಚನೆ ಬಂದಾಗ ಎಣಿಕೆ ತಪ್ಪುತ್ತದೆ. ಮತ್ತೆ ಒಂದರಿಂದ ಶುರು ಮಾಡುತ್ತೇನೆ. ಮೊದಲ ತಿಂಗಳು ಒಂದು ಸುತ್ತಿನಲ್ಲಿ ಎಷ್ಟು ಸಲ ತಪ್ಪುತ್ತಿತ್ತೋ ಲೆಕ್ಕವಿಲ್ಲ. ಈಗಲೂ ತಪ್ಪುತ್ತದೆ. ಆದರೆ ಮನೆಗೆ ಬಂದಾಗ ಹೆಗಲು ಹಗುರ ಇರುತ್ತದೆ.

ಮಾಲೂರು ಮೇಷ್ಟ್ರು
ಸೋಮವಾರ, ಬೆಳಿಗ್ಗೆ 9:20

ಮಗಳೇ, ನಿನ್ನ ತಾಯಿ ಹೇಳಿದ್ದು ತಪ್ಪಲ್ಲ, ಆದರೆ ಅದು ಮಾಡಲಾಗದ ಕೆಲಸ. ನಮ್ಮ ಕಡೆ ಒಂದು ಕಥೆ ಹೇಳುತ್ತಾರಲ್ಲ, ವೈದ್ಯರು ಮದ್ದು ಕೊಟ್ಟು "ಕುಡಿಯುವಾಗ ಕೋತಿಯ ನೆನಪು ಮಾಡಿಕೊಳ್ಳಬೇಡ" ಅಂದರಂತೆ. ಆಮೇಲೆ ಆ ಮನುಷ್ಯನಿಗೆ ಮದ್ದಿನ ಬಟ್ಟಲು ಹಿಡಿದಾಗಲೆಲ್ಲ ಕೋತಿಯೇ. ನಾನು ಮೂವತ್ತು ವರ್ಷ ಮಕ್ಕಳಿಗೆ ಈ ಕಥೆ ಹೇಳಿದ್ದೇನೆ. ನಿವೃತ್ತನಾದ ಮೇಲೆ ಓದಿದಾಗ ಗೊತ್ತಾಯಿತು, 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು. ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಇನ್ನೂ ಮುಖ್ಯವಾದದ್ದು ಆಮೇಲಿನದು. ಈಗ ನೆನೆಯಬಹುದು ಅಂತ ಬಿಟ್ಟಾಗ, ಮೊದಲು ತಡೆಹಿಡಿದವರಿಗೆ ಕರಡಿ ಇನ್ನೂ ಜಾಸ್ತಿ ಬಂತು. ಮೊದಲಿನಿಂದಲೂ ನೆನೆಯಲು ಬಿಟ್ಟವರಿಗೆ ಅಷ್ಟು ಬರಲಿಲ್ಲ.

ಅಂದರೆ ಒತ್ತಿ ಹಿಡಿಯುವುದರಿಂದ ಅದು ಹೋಗುವುದಿಲ್ಲ. ಇದು ನಿನ್ನ ಮನಸ್ಸು ಬಲಹೀನ ಅನ್ನುವ ಮಾತೂ ಅಲ್ಲ. ಎಲ್ಲರ ಮನಸ್ಸೂ ಹಾಗೇ ಇದೆ.

ಇನ್ನೊಂದು ಮಾತು. ನಾವು ಎಲ್ಲವನ್ನೂ "ಯೋಚನೆ" ಅನ್ನುತ್ತೇವೆ. ಅದರಲ್ಲಿ ಎರಡು ಜಾತಿ ಇದೆ. ಒಂದು, ಲೆಕ್ಕ ಬಿಡಿಸುವಂಥದ್ದು. ಒಂದೊಂದೇ ಹೆಜ್ಜೆ ಮುಂದೆ ಹೋಗಿ ಉತ್ತರ ಸಿಗುತ್ತದೆ. ಇನ್ನೊಂದು, ಗಾಣದ ಎತ್ತಿನದು. ದಿನವೆಲ್ಲ ನಡೆದಿರುತ್ತದೆ, ನಿಂತಲ್ಲೇ ಇರುತ್ತದೆ. "ಅವರ ತಾಯಿ ಯಾಕೆ ಹಾಗೆ ನೋಡಿದರು" ಅನ್ನುವುದಕ್ಕೆ ಉತ್ತರ ನಿನ್ನ ಹತ್ತಿರ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಸೂಸನ್ ನೋಲನ್-ಹೋಕ್ಸೆಮಾ ಅನ್ನುವ ಸಂಶೋಧಕಿ ತಮ್ಮ ಬದುಕನ್ನೇ ಈ ಎರಡನೇ ಜಾತಿಯ ಯೋಚನೆಯ ಅಧ್ಯಯನಕ್ಕೆ ಕೊಟ್ಟರು. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪ ಆಯಿತು. ಅದಕ್ಕೆ ಎರಡು ವಾರ ಮೊದಲು, ಬೇರೆ ಕಾರಣಕ್ಕೆ, ಅವರು ವಿದ್ಯಾರ್ಥಿಗಳ ಮನಸ್ಸಿನ ಸ್ಥಿತಿ ಬರೆದಿಟ್ಟಿದ್ದರು. ಭೂಕಂಪ ಆದ ಮೇಲೆ ಮತ್ತೆ ಕೇಳಿದರು. ಮೊದಲಿನಿಂದಲೂ ಬೇಸರವನ್ನು ಮೆಲುಕು ಹಾಕುವ ಅಭ್ಯಾಸ ಇದ್ದವರು ಏಳು ವಾರ ಕಳೆದರೂ ಹೆಚ್ಚು ಕುಗ್ಗಿದ್ದರು. ನಡುಕ ಎಲ್ಲರಿಗೂ ಒಂದೇ ನೆಲದಲ್ಲಿ ಆಗಿತ್ತು.

ನಾನು ಈಗ ರಾತ್ರಿ ಎಚ್ಚರವಾದರೆ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹತ್ತು ನಿಮಿಷದಿಂದ ಯೋಚಿಸುತ್ತಿದ್ದೀನಲ್ಲ, ಹೊಸದಾಗಿ ಏನಾದರೂ ಗೊತ್ತಾಯಿತಾ? ಇಲ್ಲ ಅಂದರೆ ಇದು ಗಾಣ.

ಮಂಡಿ ದಾರಿ, ಕೋಲಾರ
ಸೋಮವಾರ, ಮಧ್ಯಾಹ್ನ 2:10

ಮೇಷ್ಟ್ರ ಮಾತಿಗೆ ಗೌರವ ಇದೆ. ಆದರೆ ನನಗೊಂದು ಸಂಕಟ ಇದೆ, ಹೇಳಲೇಬೇಕು. ನಮ್ಮಂಥವರ ಯೋಚನೆ ಕಲ್ಪನೆಯಲ್ಲ. ನಾನು ಟೊಮೆಟೊ ಬೆಳೆಯುವವನು. ಒಂದೂವರೆ ಎಕರೆ. ನಾಟಿ, ಡ್ರಿಪ್, ಕೋಲು ಕಟ್ಟುವುದು, ಔಷಧಿ, ಕೂಲಿ ಎಲ್ಲದಕ್ಕೂ ಸಾಲ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನೋಡಿದ್ದೇನೆ. ಬಾಕ್ಸಿನ ಸಾಗಣೆ ಖರ್ಚೂ ಹುಟ್ಟದೆ ಹಣ್ಣು ರಸ್ತೆ ಪಕ್ಕ ಸುರಿದ ವರ್ಷವನ್ನೂ ನೋಡಿದ್ದೇನೆ. ರಾತ್ರಿ ಮಲಗಿದಾಗ ನನಗೆ ಬರುವುದು ಬಡ್ಡಿ ಲೆಕ್ಕ. ಅದು ಗಾಣ ಅಂದರೆ ಹೇಗೆ? ಉಸಿರು ಎಣಿಸಿದರೆ ಸಾಲ ತೀರುವುದಿಲ್ಲ ಅಲ್ವಾ?

ದಿನಕ್ಕೆ ಎಷ್ಟು ಸಲ ಮೊಬೈಲಿನಲ್ಲಿ ರೇಟು ನೋಡುತ್ತೇನೆ ಅಂತ ನನಗೇ ಗೊತ್ತಿಲ್ಲ. ಊಟ ಮಾಡುವಾಗಲೂ ನೋಡುತ್ತೇನೆ. ಮಗಳು ಮಾತಾಡಿಸಿದರೆ ಕೇಳಿಸುವುದಿಲ್ಲ.

ಚಿಂತಾಮಣಿ ಆಪ್ತ ಸಮಾಲೋಚಕಿ
ಸೋಮವಾರ, ರಾತ್ರಿ 8:45

ನಾನು ಹನ್ನೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಕೋಲಾರದ ಅಣ್ಣನಿಗೆ ಉತ್ತರಿಸುತ್ತೇನೆ.

ನಿಮ್ಮ ಕಷ್ಟ ನಿಜ. ಅದನ್ನು ಕಲ್ಪನೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಆದರೆ ನಿಜವಾದ ಕಷ್ಟದ ಸುತ್ತಲೂ ಗಾಣ ತಿರುಗುತ್ತದೆ. ನಾಳೆ ತೋಟಕ್ಕೆ ಯಾವ ಔಷಧಿ, ಯಾವ ಕಂತು ಮುಂದೂಡಲು ಬ್ಯಾಂಕಿನವರನ್ನು ಕೇಳಬಹುದು, ಇವು ಕೆಲಸಗಳು. ಇವನ್ನು ಹಗಲು, ಪೆನ್ನು ಹಿಡಿದು, ಮನೆಯವರ ಜೊತೆ ಕೂತು ಮಾಡಬೇಕು. ಮುಂದಿನ ತಿಂಗಳ ರೇಟು ನಿಮ್ಮ ಕೈಯಲ್ಲಿಲ್ಲ. ನಲವತ್ತು ಸಲ ನೋಡಿದರೂ ಅದು ಏರುವುದಿಲ್ಲ. ಹರಾಜು ಮುಗಿದ ಮೇಲೆ ದಿನಕ್ಕೆ ಒಂದೇ ಸಲ ನೋಡುವುದು ಅಂತ ಒಂದು ವಾರ ಇಟ್ಟುಕೊಂಡು ನೋಡುತ್ತೀರಾ?

ಈಗ ಬಟವಾಡಿ ತಂಗಿಗೆ. ಮೇಷ್ಟ್ರು ಹೇಳಿದ ಹಾಗೆ ಯೋಚನೆಯನ್ನು ತಡೆಯಲು ಆಗುವುದಿಲ್ಲ. ಮುಂದಕ್ಕೆ ಹಾಕಲು ಆಗುತ್ತದೆ. ಇದು ವಿಚಿತ್ರ ಅನ್ನಿಸಬಹುದು. ನಾನು ಜನರಿಗೆ ಮೊದಲು ಕಲಿಸುವುದು ಇದನ್ನೇ. ಸಂಜೆ ಒಂದು ಹೊತ್ತು ಗೊತ್ತು ಮಾಡಿ. ದಿನಾ ಅದೇ ಹೊತ್ತು, ಅದೇ ಜಾಗ, ಹಾಸಿಗೆ ಮಾತ್ರ ಆಗಬಾರದು. ಹಗಲಿನಲ್ಲಿ ಚಿಂತೆ ಬಂದಾಗ ಒಂದು ಸಾಲು ಬರೆದುಕೊಂಡು "ಸಂಜೆ ನೋಡೋಣ" ಅನ್ನಿ. ಸಂಜೆ ಆ ಹೊತ್ತಿಗೆ ಕೂತು ನಿಜವಾಗಿಯೂ ಚಿಂತೆ ಮಾಡಿ. ಮಾಡಬಹುದಾದ ಕೆಲಸ ಇದ್ದರೆ ಪಕ್ಕದಲ್ಲಿ ಬರೆಯಿರಿ. ಹೊತ್ತು ಮುಗಿದಾಗ ಪುಸ್ತಕ ಮುಚ್ಚಿ ಎದ್ದುಬಿಡಿ. 1983ರಲ್ಲಿ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು ಇದನ್ನು ಅರ್ಧ ಗಂಟೆಯ ಲೆಕ್ಕದಲ್ಲಿ ನಾಲ್ಕು ವಾರ ಮಾಡಿಸಿ, ಚಿಂತೆ ಕಡಿಮೆಯಾದದ್ದನ್ನು ತೋರಿಸಿದರು. ನನ್ನ ಅನುಭವದಲ್ಲಿ ಹದಿನೈದು ಇಪ್ಪತ್ತು ನಿಮಿಷವೂ ಸಾಕು. ಎಷ್ಟೋ ಜನ "ಸಂಜೆ ಆ ಚೀಟಿ ಓದಿದಾಗ ಅರ್ಧ ವಿಷಯಕ್ಕೆ ಚಿಂತೆ ಮಾಡುವುದಕ್ಕೇ ಮನಸ್ಸಾಗಲಿಲ್ಲ ಮೇಡಂ" ಅನ್ನುತ್ತಾರೆ.

ಮಲಗುವ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆದಿಡಿ. ಮಾಡಿ ಮುಗಿಸಿದ್ದನ್ನಲ್ಲ, ಮಾಡಬೇಕಾದದ್ದನ್ನು. 2018ರಲ್ಲಿ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರಲ್ಲಿ ಎರಡನ್ನೂ ಹೋಲಿಸಿದಾಗ, ಮಾಡಬೇಕಾದದ್ದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ವಿವರವಾಗಿ ಬರೆದಷ್ಟೂ ಬೇಗ.

ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ. ಮಂದ ಬೆಳಕಿನಲ್ಲಿ ಕೂರಿ. ತೂಕಡಿಕೆ ಬಂದ ಮೇಲೆ ವಾಪಸ್ ಬನ್ನಿ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ದೇಹ ಕಲಿತುಬಿಡುತ್ತದೆ, ಆ ಪಾಠ ಮರೆಸಬೇಕು. ಲ್ಯಾಪ್‌ಟಾಪ್ ತೆಗೆಯಬೇಡಿ, ಗಡಿಯಾರ ನೋಡಬೇಡಿ. ಮತ್ತೆ, ಸಂಜೆಯ ಕಾಫಿ. ಕುಡಿದ ಐದು ಗಂಟೆಯ ಮೇಲೂ ಅದರ ಸುಮಾರು ಅರ್ಧದಷ್ಟು ಕೆಫೀನ್ ಮೈಯಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಬಿಟ್ಟು ನೋಡಿ.

ಕೊನೆಯದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎದೆ ಹೊಡೆದುಕೊಳ್ಳುವುದು, ಕೈ ನಡುಕ, ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಮನಸ್ಸಿನದು ಅಂತ ನಾವು ಅಂದುಕೊಂಡದ್ದು ಕೆಲವೊಮ್ಮೆ ಅಲ್ಲಿರುತ್ತದೆ. ಆರು ತಿಂಗಳಿಂದ ಹೆಚ್ಚಿನ ದಿನ ಹೀಗೇ ಇದ್ದು ಕೆಲಸಕ್ಕೂ ನಿದ್ದೆಗೂ ಪೆಟ್ಟು ಬಿದ್ದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಬದುಕು ಬೇಡ ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಉಚಿತ. ಕನ್ನಡದಲ್ಲಿ ಮಾತಾಡುತ್ತಾರೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಮಂಗಳವಾರ, ಬೆಳಿಗ್ಗೆ 5:30

ಇಷ್ಟೆಲ್ಲ ಯಾಕೆ? ಧ್ಯಾನ ಮಾಡಿ, ಎಲ್ಲ ಸರಿಹೋಗುತ್ತದೆ. ನಾನು ಹತ್ತು ದಿನದ ಮೌನ ಶಿಬಿರ ಮಾಡಿ ಬಂದೆ. ನಾಲ್ಕನೇ ದಿನದವರೆಗೆ ನರಕ, ಆಮೇಲೆ ಮನಸ್ಸು ತಿಳಿಗೊಳದ ಹಾಗಾಯಿತು. ಬೆಳಗಿನ ಜಾವ ಬೆಟ್ಟದ ಕಡೆ ಮುಖ ಮಾಡಿ ಒಂದು ಗಂಟೆ ಕೂರುತ್ತೇನೆ. ಮಾತ್ರೆ ಗೀತ್ರೆ ಬೇಡ. ಎಲ್ಲ ನಮ್ಮ ಒಳಗೇ ಇದೆ.

ಚಿಂತಾಮಣಿ ಆಪ್ತ ಸಮಾಲೋಚಕಿ
ಮಂಗಳವಾರ, ಸಂಜೆ 6:15

ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಧ್ಯಾನ ನಾನೂ ಮಾಡುತ್ತೇನೆ. ಆದರೆ "ಮಾತ್ರೆ ಬೇಡ" ಅನ್ನುವ ಮಾತನ್ನು ಇಲ್ಲಿ ಬರೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಇದನ್ನು ಓದಿ ಯಾರೋ ಒಬ್ಬರು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಿಬಿಟ್ಟರೆ ತುಂಬಾ ಕಷ್ಟವಾಗುತ್ತದೆ. ಅಂಥವರನ್ನು ನಾನು ನೋಡಿದ್ದೇನೆ.

ಕಣ್ಣು ಮುಚ್ಚಿ ಕೂತರೆ ಎಲ್ಲರಿಗೂ ತಿಳಿಯಾಗುವುದಿಲ್ಲ. ಕೆಲವರಿಗೆ ಗದ್ದಲ ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದೇ ಮಾಡುವ ಕೆಲಸದಿಂದ ಶುರು ಮಾಡಲಿ: ನಡಿಗೆ, ಹೂ ಕಟ್ಟುವುದು, ರಂಗೋಲಿ, ಪಾತ್ರೆ ತೊಳೆಯುವಾಗ ನೀರಿನ ತಣ್ಣನೆಯ ಸ್ಪರ್ಶ. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಧ್ಯಾನ ಕಲಿಸಲು ಶುರು ಮಾಡಿದಾಗಲೂ ಮನಸ್ಸನ್ನು ಖಾಲಿ ಮಾಡಿ ಅನ್ನಲಿಲ್ಲ. ಎಲ್ಲಿಗೆ ಓಡಿತು ಅಂತ ಗಮನಿಸಿ ವಾಪಸ್ ಕರೆತನ್ನಿ ಅಂದರು. ಅಮಾನಿಕೆರೆ ಅಣ್ಣ ಹೆಜ್ಜೆ ಎಣಿಸುವುದು ಅದೇ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಮಂಗಳವಾರ, ರಾತ್ರಿ 9:00

ಒಪ್ಪಿದೆ ಮೇಡಂ. ಔಷಧಿಯ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನಗೆ ಆದದ್ದು ಎಲ್ಲರಿಗೂ ಆಗಲಿ ಅನ್ನುವ ಆಸೆಯಲ್ಲಿ ಬರೆದೆ.

ಗುಬ್ಬಿ ಹುಡುಗ, ಹಾಸ್ಟೆಲ್
ಬುಧವಾರ, ರಾತ್ರಿ 11:25

ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ನಾನು ರೂಮಿನ ಬೀಗ ಹಾಕಿ ಮೆಟ್ಟಿಲು ಇಳಿದು ಮತ್ತೆ ಹತ್ತಿ ನೋಡುತ್ತೇನೆ. ಏಳು ಸಲ ಎಳೆದು ನೋಡಬೇಕು. ಆರಾದರೆ ಮನೆಯಲ್ಲಿ ಯಾರಿಗೋ ಏನೋ ಆಗುತ್ತದೆ ಅನ್ನಿಸುತ್ತದೆ. ಬೀಗದ ಫೋಟೋ ತೆಗೆದು ತರಗತಿಯಲ್ಲಿ ನೋಡುತ್ತಿರುತ್ತೇನೆ. ಇದೂ ಜಾಸ್ತಿ ಯೋಚನೆ ಮಾಡುವುದೇ ತಾನೇ? ಚಿಂತೆಗೆ ಹೊತ್ತು ಗೊತ್ತು ಮಾಡಿ ನೋಡಿದೆ, ಆಗಲಿಲ್ಲ.

ಚಿಂತಾಮಣಿ ಆಪ್ತ ಸಮಾಲೋಚಕಿ
ಗುರುವಾರ, ಬೆಳಿಗ್ಗೆ 7:40

ತಮ್ಮಾ, ಹೇಳಿದ್ದು ಒಳ್ಳೆಯದಾಯಿತು. ಇದು ಸ್ವಲ್ಪ ಬೇರೆ ಇರಬಹುದು. ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡಲೇಬೇಕಾದ ಕೆಲಸ, ಇದನ್ನು ಗೀಳು ಕಾಯಿಲೆ ಅನ್ನುತ್ತಾರೆ. ನಾನು ಇಲ್ಲಿಂದಲೇ ಹೆಸರು ಹಚ್ಚುವುದಿಲ್ಲ, ಮನೋವೈದ್ಯರು ನೋಡಿ ಹೇಳಬೇಕು. ಇದಕ್ಕೆ ಬೇರೆಯದೇ ತರಬೇತಿ ಇದೆ. ಬೀಗವನ್ನು ಒಂದು ಸಲ ಹಾಕಿ, ನೋಡದೆ ಹೋಗಿ, ಆ ಭಯ ತಾನಾಗಿ ಇಳಿಯುವವರೆಗೆ ಇರುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ. ಒಬ್ಬನೇ ಮಾಡಲು ಹೋಗಬೇಡ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳು. ಹೋಗಲು ಅಂಜಿಕೆಯಾದರೆ ಮೊದಲು 14416ಕ್ಕೆ ಫೋನ್ ಮಾಡು.

ರೇಷ್ಮೆ ಮನೆ, ಶಿಡ್ಲಘಟ್ಟ
ಗುರುವಾರ, ರಾತ್ರಿ 10:15

ಮೂರು ದಿನದಿಂದ ಓದುತ್ತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ಮಗನ ಹತ್ತಿರ ಟೈಪು ಮಾಡುವುದು ಕಲಿತೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಯಜಮಾನರು ಹೋದಾಗ ನನಗೆ ಮೂವತ್ತೆಂಟು. ಎರಡು ಮಕ್ಕಳು, ಒಂದು ಎಕರೆ ಹಿಪ್ಪುನೇರಳೆ, ಹುಳು ಮನೆ ಕಟ್ಟಿದ ಸಾಲ. ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಬೆಳಗಾಗುವವರೆಗೆ ಸೂರು ನೋಡುತ್ತಾ ಮಲಗಿರುತ್ತಿದ್ದೆ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತಾರಲ್ಲ, ನನಗೆ ಮನೆಯೆಲ್ಲ ನಿಶ್ಶಬ್ದ ಇದ್ದರೂ ನಿದ್ದೆ ಇರಲಿಲ್ಲ.

ಹಾಗೆ ಎಚ್ಚರವಾದಾಗ ಎದ್ದು ಹುಳು ಮನೆಗೆ ಹೋಗುತ್ತಿದ್ದೆ. ದೊಡ್ಡ ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಹಿಡಿದ ಹಾಗೆ ಸದ್ದು ಬರುತ್ತದೆ. ಅದನ್ನು ಕೇಳುತ್ತಾ ಕೂರುತ್ತಿದ್ದೆ.

ಹುಳು ಸಾಕದವರಿಗೆ ಗೊತ್ತಿರಲಿಕ್ಕಿಲ್ಲ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ಜ್ವರ ಅಂದರೆ ಮೈ ಬಿಸಿಯಾಗುವುದಲ್ಲ, ಹಳೆ ಚರ್ಮ ಬಿಡುವ ಹೊತ್ತು. ತಲೆ ಎತ್ತಿಕೊಂಡು ಅಲ್ಲಾಡದೆ ನಿಂತುಬಿಡುತ್ತದೆ, ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಆಗ ಸೊಪ್ಪು ಹಾಕಬಾರದು. ಮುಟ್ಟಬಾರದು. ಗಾಳಿ ಬಿಟ್ಟು, ಸುಣ್ಣದ ಪುಡಿ ಉದುರಿಸಿ, ತಟ್ಟೆ ಒಣಗಿರುವ ಹಾಗೆ ನೋಡಿಕೊಂಡು ಸುಮ್ಮನಿರಬೇಕು. ಹೊಸದಾಗಿ ಹುಳು ಹಿಡಿದವರಿಗೆ ಇದೇ ಕಷ್ಟ. ಸತ್ತೇಹೋಯಿತೇನೋ ಅಂತ ಭಯ. ಮುಟ್ಟಿ ನೋಡುತ್ತಾರೆ, ಸೊಪ್ಪು ಹಾಕುತ್ತಾರೆ. ತಿನ್ನದ ಸೊಪ್ಪು ಕೆಳಗೆ ಒದ್ದೆಯಾಗಿ ಬೂಸಲು ಬಂದು, ಚೆನ್ನಾಗಿದ್ದ ಹುಳುವಿಗೂ ರೋಗ ತಗಲುತ್ತದೆ. ನಾನೂ ಮೊದಲ ವರ್ಷ ಹಾಗೆ ಒಂದು ಬೆಳೆ ಕಳೆದೆ.

ಒಂದು ರಾತ್ರಿ ಮೂರನೇ ಜ್ವರಕ್ಕೆ ಹೋದ ಹುಳು ನೋಡುತ್ತಾ ಕೂತಿದ್ದೆ. ಆಗ ಹೊಳೆಯಿತು, ನಾವು "ಅವನ ಮಾತಿಗೆ ಸೊಪ್ಪು ಹಾಕಬೇಡ" ಅನ್ನುತ್ತೇವಲ್ಲ, ಹುಳುವಿಗೆ ಸೊಪ್ಪು ಹಾಕದೆ ಇರುವುದು ಕಲಿತಿದ್ದೇನೆ, ತಲೆಯೊಳಗಿನದಕ್ಕೆ ಯಾಕೆ ಹೊತ್ತುಹೊತ್ತಿಗೆ ಹಾಕುತ್ತಿದ್ದೇನೆ ಅಂತ. ಸಾಲದ ಯೋಚನೆ ಬರುವುದು ನನ್ನ ಕೈಲಿಲ್ಲ. ಅದು ಬಂದಾಗ "ಅವರು ಇದ್ದಿದ್ದರೆ", "ಮಗನ ಓದು ನಿಂತರೆ" ಅಂತ ಒಂದೊಂದೇ ಕಂತೆ ತಂದು ಹಾಕುತ್ತಿದ್ದವಳು ನಾನೇ.

ಅವತ್ತೇ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ವರ್ಷಗಳೇ ಹಿಡಿದವು. ಈಗಲೂ ಗೂಡಿನ ರೇಟು ಬಿದ್ದ ದಿನ ಎರಡು ಗಂಟೆಗೆ ಎಚ್ಚರವಾಗುತ್ತದೆ. "ಬಂದೆಯಾ, ಕೂತುಕೋ" ಅನ್ನುತ್ತೇನೆ. ಓಡಿಸುವುದಿಲ್ಲ. ಸೊಪ್ಪನ್ನೂ ಹಾಕುವುದಿಲ್ಲ. ಎದ್ದು ಒಂದು ಲೋಟ ನೀರು ಕುಡಿದು, ಅಂಗಳದಲ್ಲಿ ಕಾಲು ತಣ್ಣಗಾಗುವವರೆಗೆ ನಿಂತು ಬರುತ್ತೇನೆ.

ಬಟವಾಡಿ ಬೆಳಗು, ತುಮಕೂರು
ಮುಂದಿನ ಭಾನುವಾರ, ಸಂಜೆ 5:00

ಎಲ್ಲವನ್ನೂ ಎರಡೆರಡು ಸಲ ಓದಿದೆ. ರೇಷ್ಮೆ ಮನೆ ಅಕ್ಕ, ನಿಮ್ಮದನ್ನು ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದರು.

ಸಮಾಲೋಚಕಿ ಮೇಡಂ ಹೇಳಿದ ಚಿಂತೆಯ ಹೊತ್ತಿಗೆ ನನಗೆ ಮನೆಯಲ್ಲಿ ಜಾಗ ಸಿಗಲಿಲ್ಲ. ರೈಲಿನಲ್ಲಿ ಸಿಕ್ಕಿತು. ಸಂಜೆ ವಾಪಸ್ ಬರುವಾಗ ಡಾಬಸ್‌ಪೇಟೆ ಬಿಟ್ಟ ಮೇಲೆ ಪುಸ್ತಕ ತೆಗೆಯುತ್ತೇನೆ. ಕ್ಯಾತ್ಸಂದ್ರ ಬಂದಾಗ ಮುಚ್ಚುತ್ತೇನೆ. ರೈಲು ನನಗಾಗಿ ನಿಲ್ಲುವುದಿಲ್ಲವಲ್ಲ, ಹಾಗಾಗಿ ಮುಗಿಸಲೇಬೇಕು. ಮೊದಲ ಎರಡು ದಿನ ಏನೂ ಉಪಯೋಗ ಕಾಣಲಿಲ್ಲ. ಬರೆಯುವಾಗ ಇನ್ನೂ ಜಾಸ್ತಿಯಾಯಿತು. ಬುಧವಾರ ಬೆಳಿಗ್ಗೆ ನಮ್ಮ ಮ್ಯಾನೇಜರ್ ನನ್ನ ಮೆಸೇಜಿಗೆ ಬರೀ "ನೋಡೋಣ" ಅಂತ ಉತ್ತರ ಹಾಕಿದರು. ಬೇರೆ ದಿನವಾದರೆ ಆ ಒಂದು ಪದ ನನ್ನ ಇಡೀ ದಿನ ತಿಂದುಬಿಡುತ್ತಿತ್ತು. ಚೀಟಿಯಲ್ಲಿ "ನೋಡೋಣ ಅಂದರು" ಅಂತ ಬರೆದೆ. ಸಂಜೆ ಹಿರೇಹಳ್ಳಿ ಹತ್ತಿರ ಅದನ್ನು ಓದಿದಾಗ, ಅವರು ಎಲ್ಲರಿಗೂ ಹಾಗೇ ಉತ್ತರಿಸುತ್ತಾರೆ ಅನ್ನುವುದು ನೆನಪಾಯಿತು. ಬೆಳಿಗ್ಗೆ ಅದು ಯಾಕೆ ನೆನಪಾಗಲಿಲ್ಲವೋ.

ಗಂಡಿನ ಕಡೆಯವರ ವಿಷಯ ಮಾತ್ರ ಇನ್ನೂ ಬರುತ್ತಿದೆ. ಮೇಷ್ಟ್ರು ಹೇಳಿದ ಪ್ರಶ್ನೆ ಕೇಳಿಕೊಂಡೆ. ಹೊಸದೇನೂ ಗೊತ್ತಾಗಿಲ್ಲ. ಗಾಣ ಅಂತ ಗೊತ್ತಿದ್ದರೂ ತಿರುಗುತ್ತೇನೆ. ಆದರೆ ಒಂದು ಗಂಟೆ ತಿರುಗುತ್ತಿದ್ದದ್ದು ಈಗ ಕಾಲು ಗಂಟೆ.

ಸಂಜೆಯ ಕಾಫಿ ಬಿಟ್ಟೆ. ಇದೇ ಎಲ್ಲಕ್ಕಿಂತ ಕಷ್ಟವಾಯಿತು, ನಿಜ ಹೇಳಬೇಕೆಂದರೆ.

ಮಂಡಿ ದಾರಿ, ಕೋಲಾರ
ಅದೇ ದಿನ, ರಾತ್ರಿ 8:30

ನಾನೂ ಹೇಳಬೇಕು. ಒಂದೇ ಸಲ ರೇಟು ನೋಡುವುದು ನನ್ನಿಂದ ಆಗಲಿಲ್ಲ. ಮೂರು ಸಲಕ್ಕೆ ಬಂದಿದ್ದೇನೆ. ಊಟದ ಹೊತ್ತಿನಲ್ಲಿ ಮೊಬೈಲ್ ಮಗಳ ಕೈಗೆ ಕೊಟ್ಟಿರುತ್ತೇನೆ. ಅವಳಿಗೆ ಅದೊಂದು ದೊಡ್ಡ ಜವಾಬ್ದಾರಿ.

ಹೆಂಡತಿ ಜೊತೆ ಕೂತು ಸಾಲದ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಬರೆದೆ. ಮದುವೆಯಾಗಿ ಹನ್ನೊಂದು ವರ್ಷ, ಇದುವರೆಗೆ ಅವಳಿಗೆ ಪೂರ್ತಿ ಹೇಳಿರಲಿಲ್ಲ. ತಲೆಯಲ್ಲಿದ್ದ ಮೊತ್ತ ಕಾಗದದ ಮೇಲಿನದಕ್ಕಿಂತ ದೊಡ್ಡದಾಗಿತ್ತು. ಕಾಗದದ ಮೇಲಿನದೂ ಚಿಕ್ಕದಲ್ಲ. ಆದರೆ ಅದಕ್ಕೆ ಒಂದು ಕೊನೆಯ ಸಾಲು ಇದೆ. ನಾಳೆ ಸೊಸೈಟಿಗೆ ಹೋಗಿ ಕಂತಿನ ವಿಷಯ ಮಾತಾಡುತ್ತೇನೆ.

ಬಟವಾಡಿ ಬೆಳಗು, ತುಮಕೂರು
ಮೂರು ವಾರದ ನಂತರ, ಶನಿವಾರ, ಬೆಳಿಗ್ಗೆ 7:10

ನಿನ್ನೆ ಮತ್ತೆ 20ನೇ ತಾರೀಖು. ರಿಟರ್ನ್ ಹಾಕಿದೆ. ಹಾಕುವ ಮುಂಚೆ ಎರಡು ಸಲ ನೋಡಿ "ಎರಡು ಸಲ ನೋಡಿದ್ದೇನೆ" ಅಂತ ಪುಸ್ತಕದಲ್ಲಿ ಹೊತ್ತಿನ ಸಮೇತ ಬರೆದೆ. ಆದರೂ ರಾತ್ರಿ ಬಂತು. ಅದೇ ಅಂಕಿ, ಅದೇ ನೋಟಿಸ್. ಕೈ ಲ್ಯಾಪ್‌ಟಾಪ್ ಕಡೆ ಹೋಯಿತು. ತೆಗೆಯಲಿಲ್ಲ. ಎದ್ದು ಹಾಲ್‌ಗೆ ಬಂದೆ.

ಕತ್ತಲಲ್ಲಿ ಅಮ್ಮ ಕೂತಿದ್ದರು.

ನಾನು ಎದ್ದ ಸದ್ದಿಗೆ ಬಂದರೇನೋ ಅಂದುಕೊಂಡೆ. ಹಾಗಲ್ಲವಂತೆ. ಅವರು ದಿನಾ ಎದ್ದಿರುತ್ತಾರಂತೆ. ಅಜ್ಜಿ ಹೋದಾಗಿನಿಂದ. ಅಂದರೆ ನಾನು ಪಿಯುಸಿಯಲ್ಲಿದ್ದಾಗಿನಿಂದ! ನಾನು ಮೊದಲ ಬರಹ ಹಾಕಿದ ರಾತ್ರಿ ನನ್ನ ರೂಮಿನ ಬೆಳಕನ್ನು ಬಾಗಿಲ ಸಂದಿಯಿಂದ ನೋಡಿದ್ದರಂತೆ. "ನಂಗೇ ಮಲ್ಕೋಳೋಕೆ ಬರಲ್ಲ, ನಿಂಗೆ ಹೇಗೆ ಹೇಳಿಕೊಡ್ಲಿ ಅಂತ ಸುಮ್ನಾದೆ" ಅಂದರು. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಎದ್ದಿದ್ದೆವು. "ತಲೆ ಕೆಡಿಸ್ಕೋಬೇಡ" ಅಂತ ಅವರು ನನಗೆ ಹೇಳುತ್ತಿದ್ದಾಗ ತಮಗೂ ಹೇಳಿಕೊಳ್ಳುತ್ತಿದ್ದರೇನೋ.

ಮಾತಾಡುತ್ತಾ ಕೂತೆವು. ಅಮ್ಮನಿಗೆ ಎದೆ ಹೊಡೆದುಕೊಳ್ಳುವುದೂ ಇದೆಯಂತೆ, ತೂಕವೂ ಇಳಿದಿದೆ. ಮೇಡಂ ಬರೆದದ್ದು ನೆನಪಾಗಿ ಥೈರಾಯ್ಡ್ ಪರೀಕ್ಷೆ ಮಾಡಿಸೋಣ ಅಂದೆ. ಮಂಗಳವಾರ ರಜೆ ಹಾಕಿ ಜಿಲ್ಲಾಸ್ಪತ್ರೆಗೆ ಇಬ್ಬರೂ ಹೋಗುತ್ತಿದ್ದೇವೆ. ಅಮ್ಮನದು ಒಂದು ಚೀಟಿ, ನನ್ನದೊಂದು.

ಈಗ ಅಮ್ಮ ಅಡುಗೆಮನೆಯಲ್ಲಿದ್ದಾರೆ. ನಿನ್ನೆ ರಾತ್ರಿ ನಾನು ಎಷ್ಟು ಹೊತ್ತಿಗೆ ನಿದ್ದೆ ಹೋದೆನೋ ಗೊತ್ತಿಲ್ಲ, ಗಡಿಯಾರ ನೋಡಲಿಲ್ಲ. ಸೋಫಾ ಮೇಲೆ ಎಚ್ಚರವಾಯಿತು. ಮೈಮೇಲೆ ಕಂಬಳಿ ಇತ್ತು.

ಗುಬ್ಬಿ ಹುಡುಗ, ಹಾಸ್ಟೆಲ್
ಶನಿವಾರ, ಬೆಳಿಗ್ಗೆ 8:05

ಅಕ್ಕ, ಆಸ್ಪತ್ರೆಗೆ ಹೋದಾಗ ಯಾವ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು, ಒಳಗೆ ಏನು ಕೇಳುತ್ತಾರೆ ಅಂತ ಬಂದು ಬರೆಯುತ್ತೀರಾ? 14416ಕ್ಕೆ ಫೋನ್ ಮಾಡಿದ್ದೆ. ಹೋಗಿ ತೋರಿಸು ಅಂದರು. ಹೋಗಬೇಕು ಅಂತಲೇ ಇದ್ದೇನೆ.

ಬಟವಾಡಿ ಬೆಳಗು, ತುಮಕೂರು
ಶನಿವಾರ, ಬೆಳಿಗ್ಗೆ 8:12

ಖಂಡಿತ ಬರೆಯುತ್ತೇನೆ ತಮ್ಮಾ. ಇಲ್ಲ, ಹೀಗೆ ಮಾಡೋಣ. ತುಮಕೂರಿಗೇ ಬರುವುದಾದರೆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿ ವಿಭಾಗದ ಬಾಗಿಲ ಹತ್ತಿರ ನಾನೂ ಅಮ್ಮನೂ ಇರುತ್ತೇವೆ. ಅಮ್ಮ ತಿಂಡಿ ಕಟ್ಟಿಕೊಂಡು ಬರುತ್ತಾರೆ.

ರೇಷ್ಮೆ ಮನೆ, ಶಿಡ್ಲಘಟ್ಟ
ಶನಿವಾರ, ಬೆಳಿಗ್ಗೆ 8:40

ಹೋಗಿ ಬನ್ನಿ ಮೂವರೂ. ನಮ್ಮ ಹುಳು ಇವತ್ತು ನಾಲ್ಕನೇ ಜ್ವರದಿಂದ ಎದ್ದಿದೆ, ಸೊಪ್ಪು ಕೊಯ್ಯಲು ಹೊರಟಿದ್ದೇನೆ. ಇನ್ನು ಒಂದು ವಾರ ಕೈ ಬಿಡುವಿಲ್ಲ. ಮಂಗಳವಾರ ರಾತ್ರಿ ಮಾತ್ರ ಬಂದು ನೋಡುತ್ತೇನೆ, ಅಮ್ಮನಿಗೆ ಏನಂದರು ಅಂತ ಬರೆದಿರು.